ಚರಗದ ಜವಾಬು

ಕ್ಲಾರ್ನೆಟ್ಟಿನ ರೀಡನ್ನು ನಾಲಗೆಯ ಮೇಲಿಟ್ಟು ನೆನೆಸುತ್ತ ಕೂತಿದ್ದ ಖಾಜಾನಿಗೆ ಬೆಳಗಿನಿಂದ ಒಂದೇ ಯೋಚನೆ. ಇವತ್ತು ಕಿಣ್ಣಿ ಸುಲ್ತಾನ ಊರಿಗೆ ಹೋಗದೆ ತಪ್ಪಿಸಿಕೊಳ್ಳಲು ಏನು ನೆಪ ಹೇಳಬಹುದು? ಗಂಟಲು ಬಿದ್ದಿದೆ ಎನ್ನಬಹುದಿತ್ತು. ಆದರೆ ಆ ನೆಪವನ್ನು ಎರಡು ವರ್ಷದ ಹಿಂದೆಯೇ ಬಳಸಿ ಮುಗಿಸಿದ್ದ, ಅದೂ ಅಲ್ಲಿಯ ಬಸವಂತರಾಯರ ಮನೆತನದ ಮುಂದೆಯೇ, ಇದೇ ಎಳ್ಳ ಅಮಾವಾಸ್ಯೆಯ ದಿನ. ಮತ್ತೆ ಅದನ್ನೇ ಹೇಳಿದರೆ ಕೇಳಿದವರು ನಗುತ್ತಾರೆ, ಇಲ್ಲವೆ ನಗುವುದೂ ಇಲ್ಲ. ಎರಡನೆಯದೇ ಹೆಚ್ಚು ಕಷ್ಟ. ಆಳಂದದ ಗಲ್ಲಿಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಗೋಡೆಯಾಚೆ ರಮಾಬಾಯಿಯ ಒಲೆಯಿಂದ ಭಜ್ಜಿಯ ವಾಸನೆ ಬರುತ್ತಿತ್ತು, ಹತ್ತಾರು ಕಾಳು ಹತ್ತಾರು ಸೊಪ್ಪು ಒಂದೇ ಗಡಿಗೆಯಲ್ಲಿ ಬೇಯುವ ಆ ದಟ್ಟ ವಾಸನೆ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಡುವ ದಿನ. ಖಾಜಾನಿಗೆ ಹೊಲವಿಲ್ಲ. ಅವನ ಅಪ್ಪನಿಗೂ ಇರಲಿಲ್ಲ, ಅಜ್ಜನಿಗೂ ಇರಲಿಲ್ಲ. ಆದರೂ ಏಳನೆಯ ವಯಸ್ಸಿನಿಂದ ಐವತ್ತೈದು ದಾಟುವ ತನಕ ಈ ದಿನ ಅವನು ತನ್ನ ಮನೆಯಲ್ಲಿ ಉಂಡವನಲ್ಲ. ಬಸವಂತರಾಯರ ಹೊಲದಲ್ಲೇ ಉಂಡಿದ್ದ. ಕಳೆದ ಎರಡು ವರ್ಷ ಮಾತ್ರ ಈ ಗೋಡೆಗೆ ಒರಗಿ ಕೂತು, ರಮಾಬಾಯಿಯ ಭಜ್ಜಿಯ ವಾಸನೆ ಕುಡಿದು, ಅನ್ನ ಸಾರು ಉಂಡಿದ್ದ. ಖುರ್ಷಿದಬೇಗಂ ಚಹಾ ತಂದಿಟ್ಟು ಗಂಡನ ಮುಖ ನೋಡಿದಳು. "ಸೀದಾ ಜಾವೋ ಜೀ, ಹಾತ್ ಪಕಡೋ, ಮಾಫಿ ಮಾಂಗೋ. ಬಾಜಾ ಕಾಯ್ಕೂ?" ಎಂದಳು. ಹೋಗಿ ಕೈ ಹಿಡಿದು ತಪ್ಪಾಯಿತು ಅಂದರೆ ಮುಗಿಯುವ ಕೆಲಸಕ್ಕೆ ಹನ್ನೊಂದು ಮಂದಿಯ ಬ್ಯಾಂಡು ಯಾಕೆ ಎಂಬುದು ಅವಳ ತಿಂಗಳ ವಾದ. ಖಾಜಾ ಚಹಾದ ಕಪ್ಪನ್ನು ಹತ್ತಿರ ಎಳೆದುಕೊಂಡ. ಬಾಯಲ್ಲಿ ರೀಡು ಇತ್ತಲ್ಲ, ಅದೊಂದು ಅನುಕೂಲ.

ಬಾಯಿಬಿಟ್ಟು ಹೇಳಬಲ್ಲವನಾಗಿದ್ದರೆ ಪುಸ್ತಕ ತುಂಬ ಸ್ವರ ಬರೆಯುತ್ತಿದ್ದನೇ? ಧನುರ್ಮಾಸದಲ್ಲಿ ಮದುವೆಗಳಿಲ್ಲ. ಆ ಒಂದು ತಿಂಗಳು ಖಾಜಾನ ಗುಲಶನ್ ಬ್ಯಾಂಡಿನ ಜರಿಯ ಕೋಟುಗಳು ಮೊಳೆಗೆ ನೇತುಬೀಳುತ್ತವೆ. ಟ್ರಂಪೆಟ್ಟಿನ ಶಾಹಿದ ಟಂಟಂ ಆಟೊ ಓಡಿಸುತ್ತಾನೆ, ಬಡಾ ಢೋಲಿನ ಧರ್ಮಣ್ಣ ತೊಗರಿ ಕೊಯ್ಯಲು ಹೋಗುತ್ತಾನೆ, ಉಳಿದವರಲ್ಲಿ ಕೆಲವರು ಗೌಂಡಿ ಕೆಲಸಕ್ಕೆ, ಕೆಲವರು ಬಣ್ಣ ಹೊಡೆಯಲಿಕ್ಕೆ. ಅವರನ್ನೆಲ್ಲ ಸಂಜೆ ಸಂಜೆ ಹಿಡಿದು ತಂದು ಹಿತ್ತಲ ತಗಡಿನ ಶೆಡ್ಡಿನಲ್ಲಿ ಕೂಡಿಸಿದಾಗ ಶಾಹಿದ ಕೇಳಿದ್ದ, "ಉಸ್ತಾದ, ಯಾರ ಮದುವಿ ಅದ ಹೇಳ್ರಲಾ." ಮದುವಿ ಅಲ್ಲ ಎಂದ ಖಾಜಾ. "ಮತ್ತ ಉರುಸ?" ಉರುಸೂ ಅಲ್ಲ. "ಯಾವ ಸಿನಿಮಾದ ಹಾಡರ ಇದು?" ಹಾಡೇ ಅಲ್ಲ, ಇದರೊಳಗೆ ಮಾತಿಲ್ಲ ಎಂದಾಗ ಧರ್ಮಣ್ಣ ಢೋಲಿನ ಮೇಲೆ ಮೊಣಕೈಯೂರಿ ನಕ್ಕುಬಿಟ್ಟ: "ಮಾತಿಲ್ಲದ ಹಾಡು, ಮದುವಿ ಇಲ್ಲದ ಬ್ಯಾಂಡು. ಚಲೋ ಜೋಡಿ ಕೂಡ್ತು ಬಿಡ್ರಿ." ನಕ್ಕರೂ ಬಂದರು, ದಿನಾ ಬಂದರು. ಇಟ್ಟಿಗೆ ಹೊತ್ತು ಬಂದ ಕೈಯಲ್ಲಿ ಜಾಂಜಿನ ಹಿತ್ತಾಳೆ ತಟ್ಟೆ ಹಿಡಿದರು. ಅದನ್ನು ನೆನೆದರೆ ಖಾಜಾನ ಎದೆ ಈಗಲೂ ತುಂಬಿ ಬರುತ್ತದೆ. ಒಬ್ಬನಾದರೂ ಇದರಿಂದ ನನಗೇನು ಎಂದು ಕೇಳಲಿಲ್ಲ.

ಮಾತಿಲ್ಲದ ವಾದ್ಯದ ಈ ಹುಚ್ಚು ಅಜ್ಜನಿಂದ ಬಂದದ್ದು. ಅಜ್ಜ ನಿಜಾಮನ ಕಾಲದಲ್ಲಿ ಕಲಬುರಗಿಯ ಪೊಲೀಸ್ ಬ್ಯಾಂಡಿನಲ್ಲಿ ಊದಿದವನು, ಐದು ಗೆರೆಯ ಮೇಲೆ ಸ್ವರ ಬರೆಯುವುದನ್ನು ಅಲ್ಲಿ ಕಲಿತು ಮಗನಿಗೂ ಮೊಮ್ಮಗನಿಗೂ ಕಲಿಸಿದವನು. ಅವನ ಹತ್ತಿರ ಒಂದು ಗ್ರಾಮಫೋನು, ಒಂದೇ ಒಂದು ವಿಲಾಯತಿ ಪ್ಲೇಟು ಇತ್ತು. ಅದರಲ್ಲಿ ಯಾರೂ ಹಾಡುತ್ತಿರಲಿಲ್ಲ. ಮೊದಲು ಪಿಟೀಲುಗಳು ಉಸಿರು ಬಿಗಿಹಿಡಿದ ಹಾಗೆ ನಡುಗುತ್ತಿದ್ದವು, ಆಮೇಲೆ ದೂರದಿಂದ ಗೆಜ್ಜೆಯ ಸಪ್ಪಳ, ಆಮೇಲೆ ಗುಡಿಯ ಗಂಟೆಯಂಥದೇನೋ, ಕೊನೆಗೆ ಎಲ್ಲವೂ ಒಟ್ಟಿಗೆ. ಹಿಮ ಬೀಳುವ ದೇಶದಲ್ಲಿ ಚಳಿಗಾಲದ ಹಬ್ಬ, ಮಂದಿ ಗಾಡಿ ಕಟ್ಟಿಕೊಂಡು ಹೊರಟಿದ್ದಾರೆ, ಎನ್ನುತ್ತಿದ್ದ ಅಜ್ಜ. "ಇದು ಗಾನಾ ಅಲ್ಲ ಬೇಟಾ, ತಸ್ವೀರ್. ಕಿವಿಲೆ ನೋಡೋದು." ಹಿಮ ಅಂದರೇನೆಂದು ಖಾಜಾನಿಗೆ ಇವತ್ತಿಗೂ ಗೊತ್ತಿಲ್ಲ, ಫ್ರಿಜ್ಜಿನದು ಬಿಟ್ಟರೆ. ಪ್ಲೇಟು ಎಂದೋ ಒಡೆದುಹೋಯಿತು. ಆದರೆ ಈ ಸಲ ದೀಪಾವಳಿ ಮುಗಿದು ಗಾಳಿಗೆ ಚಳಿಯ ಅಲಗು ಬಂದಾಗ, ಆ ನಡುಗುವ ಪಿಟೀಲು ಇದ್ದಕ್ಕಿದ್ದಂತೆ ಕಿವಿಯಲ್ಲಿ ಎದ್ದು ಕೂತಿತು. ನಮ್ಮ ಚಳಿಗಾಲಕ್ಕೂ ಒಂದು ಹಬ್ಬ ಇದೆಯಲ್ಲ, ಅದರ ತಸ್ವೀರ್ ಯಾರು ಬರೆಯಬೇಕು? ಹೊಲ ಇದ್ದವರು ಬರೆಯುವುದಿಲ್ಲ, ಅವರಿಗೆ ಹೊಲವೇ ಇದೆ. ಬರೆದ. ಸೈಡ್ ಡ್ರಮ್ಮಿನ ಮೇಲೆ ಟವೆಲು ಹಾಸಿ ಬೆರಳಲ್ಲಿ ಬಾರಿಸಿದರೆ ಜೋಳದ ಎಲೆಯ ಮೇಲಿನ ಇಬ್ಬನಿ ಉದುರುತ್ತಿತ್ತು. ಕಡಲೆಯ ಗಿಡಗಳ ಮೇಲೆ ರಾತ್ರಿ ಬಿಳಿ ಬಟ್ಟೆ ಹೊದಿಸಿ ಬೆಳಗ್ಗೆ ಅದರ ಹುಳಿಯನ್ನು ಹಿಂಡುತ್ತಾರಲ್ಲ, ಆ ಹುಳಿಗೆ ಎರಡು ಕ್ಲಾರ್ನೆಟ್ಟುಗಳನ್ನು ಒಂದಕ್ಕೊಂದು ತಾಗಿಯೂ ತಾಗದಂತೆ ಅರ್ಧ ಸ್ವರದ ಅಂತರದಲ್ಲಿ ಇಟ್ಟ; ಕೇಳಿದರೆ ಹಲ್ಲು ಜುಂ ಅನ್ನಬೇಕು. ಎತ್ತಿನ ಕೊರಳ ಗಂಟೆಗೆ ಜಾಂಜು. ಈಗ ಎತ್ತಿಗಿಂತ ಟ್ರ್ಯಾಕ್ಟರೇ ಹೆಚ್ಚು, ಅದಕ್ಕೆ ದಪ್ಪ ದನಿಯ ಯೂಫೋನಿಯಂ. ಊಟಕ್ಕೆ ಕೂತ ಹೆಂಗಸರ ಮಾತಿಗೆ ಎಲ್ಲ ಕ್ಲಾರ್ನೆಟ್ಟುಗಳೂ ಒಟ್ಟಿಗೆ, ಯಾರು ಯಾರ ಮಾತನ್ನೂ ಕೇಳದ ಹಾಗೆ. ಇಷ್ಟೂ ಹದಿನೈದು ದಿನದಲ್ಲಿ ಸರಾಗ ಬಂತು. ಬಾರದೆ ನಿಂತದ್ದು ನಾಲ್ಕನೆಯ ಭಾಗ, ಚರಗದ್ದು.

ಚರಗ ಚೆಲ್ಲುವುದೆಂದರೆ ಉಣ್ಣುವ ಮೊದಲು ಹೊಲಕ್ಕೆ ಉಣಿಸುವುದು. ಜೋಳದ ದಂಟಿನ ಕೊಂಪೆಯೊಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಕೂರಿಸಿ, ಪೂಜೆ ಮಾಡಿ, ಬುಟ್ಟಿಯಲ್ಲಿ ಭಜ್ಜಿ, ರೊಟ್ಟಿ, ಕಡುಬು ತುಂಬಿಕೊಂಡು ಒಬ್ಬ ಬೆಳೆಯ ನಡುವೆ ಚೆಲ್ಲುತ್ತ ಹೊರಡುತ್ತಾನೆ. ಅವನ ಹಿಂದೆ ತಂಬಿಗೆ ಹಿಡಿದ ಇನ್ನೊಬ್ಬ ನೀರು ಚಿಮುಕಿಸುತ್ತ ಬರುತ್ತಾನೆ. ಮುಂದಿನವನು "ಹುಲ್ಲುಲ್ಲಿಗ್ಯೋ" ಎಂದು ಕೂಗಿದರೆ ಹಿಂದಿನವನು "ಚಲ್ಲಂಬರಿಗ್ಯೋ" ಎನ್ನಬೇಕು. ಅದರ ಅರ್ಥ ಯಾರಿಗೂ ಗೊತ್ತಿಲ್ಲ, ಹೊಲಕ್ಕೆ ಗೊತ್ತಿದ್ದರೆ ಸಾಕು. ಬಸವಂತರಾಯರ ಮನೆತನದಲ್ಲಿ ಇನ್ನೊಂದು ಕಟ್ಟಳೆಯಿತ್ತು: ಮುಂದೆ ಕೂಗುವವನು ಹಿಂತಿರುಗಿ ನೋಡಬಾರದು. ಹಿಂದೆ ನೀರಿನವನು ಬರುತ್ತಿದ್ದಾನೆ ಎಂಬುದಕ್ಕೆ ಅವನ ಜವಾಬೇ ಸಾಕ್ಷಿ. ಏಳು ವರ್ಷದ ಖಾಜಾನನ್ನು ಅಪ್ಪ ಹಬ್ಬದೂಟಕ್ಕೆ ಕರೆದೊಯ್ದಾಗ, ನೀರು ಹಿಡಿಯಬೇಕಾದ ಆಳು ಎಲ್ಲೋ ಹೋಗಿ, ಬಸವಂತರಾಯರು ಸುತ್ತ ನೋಡಿ, "ಲೇ ಖಾಜಾ, ನೀ ಹಿಡಿ" ಎಂದು ತಂಬಿಗೆ ಕೈಗೆ ಕೊಟ್ಟಿದ್ದರು. ಹಿರಿಯರೊಬ್ಬರು ಏನೋ ಗೊಣಗಿದರು. ರಾಯರು, "ಹೊಲಕ್ಕ ನೀರಿನ ಜಾತಿ ಗೊತ್ತಾಗಂಗಿಲ್ರಿ" ಎಂದು ನಡೆದೇಬಿಟ್ಟರು. ಆ ಎಳೆಯ ಕೊರಳಿನ ಜವಾಬು ಪಕ್ಕದ ಹೊಲಗಳನ್ನು ದಾಟಿತಂತೆ. ಮುಂದಿನ ವರ್ಷ ತಾವೇ ಆಳಂದಕ್ಕೆ ಬಂದು ಕರೆದರು. ಮೊದಲಿನದೂ ಸೇರಿ ನಲವತ್ತೊಂಬತ್ತು ಅಮಾವಾಸ್ಯೆ. ಕೊರಳು ಒಡೆಯಿತು, ಮೀಸೆ ಬಂತು, ಮದುವೆಯಾಯಿತು, ಅಪ್ಪ ಸತ್ತ, ಕೂದಲು ನರೆಯಿತು. ತಂಬಿಗೆ ಅದೇ, ಮುಂದಿನ ಬೆನ್ನೂ ಅದೇ.

ಆ ಬೆನ್ನಿಗೆ ಅವನು ಬೆನ್ನು ತಿರುಗಿಸಿದ್ದು ಒಂದು ಡಿಜೆಯ ಸಲುವಾಗಿ. ಹೇಳಿದರೆ ನಾಚಿಕೆ. ಎರಡೂವರೆ ವರ್ಷದ ಹಿಂದೆ ರಾಯರ ಮೊಮ್ಮಗಳು ಐಶ್ವರ್ಯಾಳ ಮದುವೆ ಜೇವರ್ಗಿಯ ಕಲ್ಯಾಣ ಮಂಟಪದಲ್ಲಿ ಗೊತ್ತಾದಾಗ ಖಾಜಾ ಹೊಸ ಜರಿಯ ಕೋಟುಗಳನ್ನು ಹೊಲಿಸಿದ್ದ. ರಾಯರು ಖುದ್ದು ಕಾರ್ಡು ತಂದರು, ಈ ಕೋಣೆಯಲ್ಲೇ ಕೂತು ಚಹಾ ಕುಡಿದರು, "ಎಲ್ಲಾರೂ ನಾಕು ದಿನ ಮೊದಲ ಬರಬೇಕು" ಎಂದರು, ಬ್ಯಾಂಡಿನ ಮಾತೇ ಎತ್ತಲಿಲ್ಲ. ಮರುದಿನ ಶಾಹಿದ ಸುದ್ದಿ ತಂದ: ಸೊಲ್ಲಾಪುರದಿಂದ ಡಿಜೆ ಬರುತ್ತಿದೆ. ಮುಖದ ಮೇಲೆ ಹೇಳಲು ಆಗದೆ ಕಾರ್ಡು ಕೊಟ್ಟು ಹೋದರಲ್ಲ ಎಂದು ಖಾಜಾನ ಹೊಟ್ಟೆ ಉರಿದುಹೋಯಿತು. ಕಾರ್ಡನ್ನು ಅಲಮಾರಿನ ಮೇಲೆ ಎಸೆದ. ಮದುವೆಗೆ ಹೋಗಲಿಲ್ಲ. ಅಂದಿನಿಂದ "ಕಾಕಾ" ಹೋಗಿ ಅವನ ಬಾಯಲ್ಲಿ ಅವರು "ಸಾವಕಾರ್ರು" ಆದರು. ಆ ವರ್ಷದ ಅಮಾವಾಸ್ಯೆಗೆ ರಾಯರ ಹೆಂಡತಿ ಸುಂದರಬಾಯಿ ಫೋನು ಮಾಡಿದಾಗ ಗಂಟಲು ಬಿದ್ದಿದೆ ಎಂದ. ಮರುವರ್ಷ ಫೋನು ಬರಲಿಲ್ಲ. ಕರೆದರಷ್ಟೇ ಹೋಗುತ್ತೇನೆ ಎಂದು ಇವನು, ಕರೆಯದೆಯೂ ಬರುತ್ತಾನೆ ಎಂದು ಅವರು. ಆ ಅಮಾವಾಸ್ಯೆಯ ಸಂಜೆ ಐಶ್ವರ್ಯಾಳ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒಂದು ವಿಡಿಯೊ ಬಂತು, ಇಪ್ಪತ್ತೆರಡು ಸೆಕೆಂಡಿನದು. ರಾಯರ ಬೆನ್ನು, ಬುಟ್ಟಿ, ಕಡಲೆಯ ಪಟ್ಟಿ. ಹಿಂದೆ ಮಗ ಅನೀಲಕುಮಾರ ತಂಬಿಗೆ ಹಿಡಿದು ನೀರು ಚಿಮುಕಿಸುತ್ತಿದ್ದಾನೆ, ಬಾಯಿ ಮುಚ್ಚಿಕೊಂಡು. ರಾಯರು ಕೂಗುತ್ತಾರೆ. ಜವಾಬಿಲ್ಲ. ತಡೆದು ಮತ್ತೆ ಕೂಗುತ್ತಾರೆ. ಮೂರನೆಯ ಸಲದ್ದು ಮೊದಲಿನದಕ್ಕಿಂತ ಎರಡು ಸ್ವರ ಕೆಳಗೆ. ಆಮೇಲೆ ನಿಂತುಬಿಡುತ್ತಾರೆ. ಹಿಂತಿರುಗಿ ಮಾತ್ರ ನೋಡುವುದಿಲ್ಲ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ.

ಹೋಳಿ ಹುಣ್ಣಿಮೆಯ ಮರುದಿನ ರಾಯರಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಬಲಗಾಲು ಎಳೆಯತೊಡಗಿತು, ಮಾತು ಪೂರ್ತಿ ಹೋಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಖಾಜಾ ಎರಡು ಸಲ ಕಿಣ್ಣಿ ಸುಲ್ತಾನದ ಬಸ್ಸು ಹತ್ತಿ ಒಂದು ಸಲ ನಡುದಾರಿಯಲ್ಲಿ ಇಳಿದ, ಇನ್ನೊಂದು ಸಲ ಅವರ ಓಣಿಯ ತಿರುವಿನ ತನಕ ಹೋಗಿ ಬೀಡಿ ಸೇದಿ ವಾಪಸು ಬಂದ. ಏನಂತ ಹೇಳುವುದು? ಅವರ ಕೊನೆಯ ಕೂಗಿಗೆ ಜವಾಬು ಕೊಡದೆ ಹೋದವನು ನಾನು, ಅಂತಲೇ? ತಪ್ಪು ಹೇಳಿದರೆ ಅವರು ಮಾಫು ಎನ್ನಲಿಕ್ಕೂ ಬಾಯಿ ಇಲ್ಲ, ಬೈಯಲಿಕ್ಕೂ ಬಾಯಿ ಇಲ್ಲ. ಅದಕ್ಕೇ ಬರೆಯಲು ಕೂತದ್ದು. ವಿಡಿಯೊವನ್ನು ನೂರಾರು ಸಲ ಕೇಳಿ ಆ ಮೂರು ಕೂಗುಗಳನ್ನು ಇದ್ದಹಾಗೆಯೇ ಗೆರೆಯ ಮೇಲಿಳಿಸಿ ತನ್ನ ಕ್ಲಾರ್ನೆಟ್ಟಿಗೆ ಕೊಟ್ಟುಕೊಂಡ. ಆಮೇಲೆ ನಾಲ್ಕು ಎಣಿಕೆ ಖಾಲಿ ಬಿಟ್ಟ. ಅದರಾಚೆ ಶಾಹಿದನ ಟ್ರಂಪೆಟ್ಟು ಜವಾಬು ಕೊಡಬೇಕು, ನಲವತ್ತೊಂಬತ್ತು ವರ್ಷ ಖಾಜಾ ಕೊಟ್ಟ ಅದೇ ಜವಾಬು. ರಾಯರು ಅದನ್ನು ಒಮ್ಮೆ ಕೇಳಿಸಿಕೊಂಡರೆ ಸಾಕು, ತಾನು ಎದ್ದು ಬಂದುಬಿಡುವುದು, ಅವರು ಮುಖ ನೋಡದಿದ್ದರೂ ಅಡ್ಡಿಯಿಲ್ಲ. ಇಷ್ಟೇ ಅವನ ಆಸೆ. ಫೋನು ಮಾಡಿ ಕೇಳಿದಾಗ ಅನೀಲಕುಮಾರ, "ಹಬ್ಬಕ್ಕ ಬರಲಿಕ್ಕ ಕೇಳ್ತಾರೇನ್ರಿ ಖಾಜಾ ಭಾಯಿ, ಬರ್ರಿ" ಎಂದ, ಬ್ಯಾಂಡಿನ ಮಾತು ಬಂದಾಗ ದನಿ ಇಳಿಸಿದ. "ಡಾಕ್ಟರ್ ಸಪ್ಪಳ ಬ್ಯಾಡ ಅಂದಾರ್ರಿ ಅಪ್ಪಗ. ಬಂದಾಗ ನೋಡೋಣ." ಆ 'ನೋಡೋಣ' ಎಂಬುದನ್ನು ಖಾಜಾ ನಾಲ್ಕು ದಿನದಿಂದ ತಿರುವಿಹಾಕುತ್ತಿದ್ದ.

ಹೊರಗೆ ಶಾಹಿದನ ಟಂಟಂ ಹಾರ್ನು ಹೊಡೆಯಿತು. ನೆಪವೊಂದೂ ಸಿಗದೆ ಖಾಜಾ ಎದ್ದ. ಎರಡು ಟಂಟಂಗಳಲ್ಲಿ ಹನ್ನೊಂದು ಮಂದಿ, ಢೋಲು ಮೇಲೆ ಕಟ್ಟಿದ್ದು. ದಾರಿಯುದ್ದಕ್ಕೂ ಬುತ್ತಿಯ ಬುಟ್ಟಿಗಳು, ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೊಸ ಸೀರೆಯ ಹೆಂಗಸರು, ಕೊಯ್ದಿಟ್ಟ ತೊಗರಿಯ ಸೂಡು, ಕುಸುಬೆಯ ಮುಳ್ಳು, ತೆನೆ ಹಾಲುಗಟ್ಟಿದ ಬಿಳಿಜೋಳ. ತಾನು ಬರೆದದ್ದು ಎರಡೂ ಬದಿ ಇದ್ದೇ ಇತ್ತು, ತಾನಿಲ್ಲದೆಯೂ ಇರುತ್ತಿತ್ತು. ಅದನ್ನು ನೋಡಿ ಅವನಿಗೆ ಸ್ವಲ್ಪ ಸಮಾಧಾನವಾಯಿತು. ಜಿಡಗಾದ ಮಠದ ಮೆರವಣಿಗೆಯಲ್ಲಿ ಇವರನ್ನು ಕಂಡಿದ್ದ ಮುದುಕನೊಬ್ಬ ಚಹಾದಂಗಡಿಯಿಂದ ಎದ್ದು ಬಂದು, "ಏನ್ರಪಾ, ಧನುರ್ಮಾಸದಾಗ ಯಾವ ಪುಣ್ಯಾತ್ಮ ಲಗ್ನ ಮಾಡಾಕತ್ಯಾನ?" ಎಂದು ಕೇಳಿದ. "ಹೊಲದ್ದು ಮುತ್ಯಾ" ಎಂದ ಧರ್ಮಣ್ಣ. "ಹೊಲಕ್ಕ ವರ ಯಾರು?" "ನಮ್ಮ ಉಸ್ತಾದ." ಟಂಟಂ ತುಂಬ ನಗು. ಖಾಜಾ ಬೇರೆ ಕಡೆ ಮುಖ ತಿರುಗಿಸಿ ತಾನೂ ನಕ್ಕ, ಎಷ್ಟೋ ದಿನದ ಮೇಲೆ.

ಹೊಲದ ಬದುವಿಗೆ ಬೇವಿನ ಮರ, ಮರದ ಕೆಳಗೆ ಜಮಖಾನೆ, ಜಮಖಾನೆಯ ಅಂಚಿಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ಬಸವಂತರಾಯರು. ಅಷ್ಟು ಎತ್ತರದ ಮನುಷ್ಯ ಇಷ್ಟು ಸಣ್ಣವರಾಗಲು ಒಂಬತ್ತು ತಿಂಗಳು ಸಾಕಾಯಿತೇ? ಬಲಗೈ ಮಡಿಲಲ್ಲಿ ಬಿದ್ದಿತ್ತು. ಖಾಜಾ ಹೋಗಿ ಕಾಲು ಮುಟ್ಟಿದ. "ಕಾಕಾ" ಎಂದ, ಆ ಮಾತು ಎರಡೂವರೆ ವರ್ಷದ ಮೇಲೆ ಬಾಯಿಗೆ ಬಂದು ತುಟಿಗೆ ತಾಗಿ ಉರಿಯಿತು. ರಾಯರು ಕಡಲೆಯ ಪಟ್ಟಿಯ ಕಡೆ ನೋಡುತ್ತಲೇ ಇದ್ದರು. ಕಣ್ಣು ಕದಲಲಿಲ್ಲ. ಕೇಳಿಸಿಲ್ಲವೋ, ಕೇಳಿಸಿಯೂ ನೋಡಲೊಲ್ಲರೋ. "ಡಾಕ್ಟರು ದಿನಾ ಹಿಡಿದು ನಡೆಸು ಅಂದಾರ್ರಿ, ಏಳೋದೇ ಒಲ್ಲರು" ಎಂದ ಅನೀಲಕುಮಾರ, ತಾನೇ ತಪ್ಪು ಮಾಡಿದವನಂತೆ. ಒಲೆಯ ಹತ್ತಿರದಿಂದ ಸುಂದರಬಾಯಿ ಸೆರಗಿಗೆ ಕೈ ಒರೆಸುತ್ತ ಎದ್ದು ಬಂದರು. ಖಾಜಾನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಬಂದೇನಪಾ. ಗಂಟಲು ಆರಾಮಾತೇನು?"

"ಆತ್ರಿ ಕಾಕು" ಎಂದ.

"ಎರಡು ವರ್ಷ ಬಿದ್ದಿತ್ತಲ್ಲ. ಭಾರಿ ಗಂಟಲು." ಹೆಂಗಸರು ನಕ್ಕರು. ಖಾಜಾನ ಕಿವಿ ಬಿಸಿಯಾದವು. ಸುಂದರಬಾಯಿ ಮಾತ್ರ ನಗದೆ ಚೀಲದಿಂದ ಒಂದು ರಟ್ಟಿನ ಡಬ್ಬಿ ತೆಗೆದು ಅವನ ಕೈಯಲ್ಲಿಟ್ಟರು. ಡಬ್ಬಿಯ ಮೇಲೆ ಬಾಲ್‌ಪೆನ್ನಿನ ದಪ್ಪ ಅಕ್ಷರ, ರಾಯರ ಕೈಬರಹ: 'ಖಾಜಾ. ಮನಿ ಮಂದಿ.' ಒಳಗೆ ಬಿಳಿ ಪೈಜಾಮದ ಬಟ್ಟೆ, ಒಂದು ರುಮಾಲು, ಖುರ್ಷಿದಬೇಗಂಗೆ ಹಸಿರು ಸೀರೆ. "ಐಶ್ವರ್ಯಾನ ಲಗ್ನದಾಗ ನಿನಗ ಮಾಡೋ ಆಯೇರಿ. ನೀ ಬಂದ್ರಲ್ಲ ಮಾಡೋದು? ಟ್ರಂಕಿನಾಗ ಕುಂತದ."

"ಕಾಕು, ಬ್ಯಾಂಡ್ ಬ್ಯಾಡ ಅಂದ್ರಲ್ರಿ ಅವರು."

"ಹುಡುಗರಿಗಿ ಡಿಜೆ ಬೇಕಾಗಿತ್ತು, ಖರೆ. ಸುಳ್ಳ್ಯಾಕ ಹೇಳ್ಲಿ. ಆದ್ರ ಇವರು ಹೂಂ ಅಂದಿದ್ದು ಹುಡುಗರ ಸಲುವಾಗಿ ಅಲ್ಲ. ಖಾಜಾ ಎಲ್ಲರ ಲಗ್ನದಾಗ ಬಾಗಲದ ಹೊರಗ ನಿಂತು ಊದ್ಯಾನ, ನಮ್ಮ ಲಗ್ನದಾಗರ ಒಳಗ ಕುಂಡರ್ಲಿ, ಆಯೇರಿ ಉಡಲಿ, ಪಂಕ್ತ್ಯಾಗ ಉಣ್ಣಲಿ, ಅಂದ್ರು. ಮನಿ ಮಗ ತನ್ನ ಮನಿ ಲಗ್ನದಾಗ ತಾನೇ ಊದ್ತಾನೇನು?"

"ಒಂದು ಮಾತು ಹೇಳಿದ್ರ..."

"ಮನಿ ಮಂದಿಗಿ ಯಾರರ ಬಿಡಿಸಿ ಹೇಳ್ತಾರೇನೋ? ಮುದುಕ ತಾನೇ ಕಾರ್ಡ್ ಹಿಡ್ಕೊಂಡು ಬಂದಿದ್ದಿಲ್ಲ?" ಅವರ ದನಿ ಏರಿ ಅಲ್ಲೇ ಇಳಿಯಿತು. "ಹೋದ ವರ್ಷ ಅನೀಲ ಜವಾಬು ಕೊಡಾಕ ಬಾಯಿ ತೆಗೆದ್ರ, ನೀರು ಹಾಕು ಸಾಕು, ಜವಾಬು ಖಾಜಾಂದು, ಬರ್ತಾನ ತಡಿ, ಅಂದ್ರು. ತಡೆದೇ ತಡೆದ್ರು."

ಖಾಜಾ ಡಬ್ಬಿಯ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿದ. ಉಂಡ ಮನೆಯ ಜಂತಿ ಎಣಿಸಬಾರದು ಎಂದು ಅಪ್ಪ ಸಾವಿರ ಸಲ ಹೇಳಿದ್ದ. ಅವನು ಜಂತಿಯನ್ನಷ್ಟೇ ಅಲ್ಲ, ಇಲ್ಲದ ಬಿರುಕನ್ನೂ ಎಣಿಸಿದ್ದ. ಕಲ್ಯಾಣ ಮಂಟಪದ ಒಳಗೆ ತನಗೊಂದು ಕುರ್ಚಿ ಖಾಲಿ ಇತ್ತೆಂಬುದು ಈಗ ಕಣ್ಣಿಗೆ ಕಟ್ಟಿತು. ಮೂವತ್ತು ವರ್ಷದಲ್ಲಿ ಎಷ್ಟು ಮದುವೆ ಊದಿಲ್ಲ, ಒಂದರ ಒಳಗಾದರೂ ಕೂತದ್ದುಂಟೇ? ಬಾಗಿಲ ತನಕ ವರನನ್ನು ತಂದು ಬಿಟ್ಟು, ಹಿಂದಿನ ಓಣಿಯಲ್ಲಿ ನಿಂತು ಪ್ಲೇಟು ಹಿಡಿದು ಉಂಡು ಬರುವುದು. ಅದನ್ನು ಅವನು ನೋವೆಂದು ತಿಳಿದಿರಲೂ ಇಲ್ಲ. ಅವನ ಪರವಾಗಿ ಇನ್ನೊಬ್ಬರು ಅದನ್ನು ನೋಡಿದ್ದರು, ಇಷ್ಟು ವರ್ಷ ನೋಡುತ್ತಲೇ ಇದ್ದರು, ಸಮಯ ಬಂದಾಗ ಬಟ್ಟೆ ತಂದು ಹೆಸರು ಬರೆದಿಟ್ಟಿದ್ದರು. ಕಣ್ಣು ತುಂಬಿತು. ತುಂಬಲಿ ಎಂದು ಬಿಟ್ಟ. ಯಾ ಅಲ್ಲಾ, ಇಂಥ ಮಂದಿಯ ನಡುವೆ ಹುಟ್ಟಿಸಿದೆಯಲ್ಲ, ನನ್ನ ಬುದ್ಧಿಗೆ ಯಾಕೆ ಇಷ್ಟು ಸಣ್ಣ ಬಾಗಿಲು ಇಟ್ಟೆ?

"ಅವ್ವಾ, ಬ್ಯಾಂಡಿಂದು ಹೆಂಗ? ಸಪ್ಪಳ ಆತಂದ್ರ ಅಪ್ಪಗ..." ಎಂದು ಅನೀಲಕುಮಾರ ಅನುಮಾನಿಸಿದ. "ಹೊಲಕ್ಕ ಗೋಡಿ ಎಲ್ಲವ, ಸಪ್ಪಳ ಬಡಿಲಾಕ? ಊದಲಿ" ಎಂದರು ಸುಂದರಬಾಯಿ. ಅಲ್ಲಿಗೆ 'ನೋಡೋಣ' ಮುಗಿಯಿತು.

ಹನ್ನೊಂದು ಮಂದಿ ಕೊಂಪೆಯ ಮುಂದೆ ಅರ್ಧ ವರ್ತುಲವಾಗಿ ನಿಂತರು. ಡ್ರಮ್ಮಿನ ಟವೆಲಿನ ಮೇಲೆ ಬೆರಳು ಆಡಿತು, ನಡುಹಗಲಿನಲ್ಲಿ ಇಬ್ಬನಿ ಉದುರಿತು. ಎರಡು ಕ್ಲಾರ್ನೆಟ್ಟುಗಳು ಹುಳಿಯ ಹತ್ತಿರ ಬಂದಾಗ ಅಡಿಗೆಯ ಹೆಂಗಸೊಬ್ಬಳು, "ಅಯ್ಯ, ಕೆಟ್ಟದೇನು ಇವರ ಪೀಪಿ?" ಎಂದಳು, ಇನ್ನೊಬ್ಬಳು ಹಲ್ಲು ಕಚ್ಚಿ, "ಇಲ್ಲ ತಡೀ, ಕಡ್ಲಿ ಹುಳಿ ಇದು" ಎಂದಳು. ಖಾಜಾನ ಬೆನ್ನಹುರಿಯಲ್ಲಿ ಜುಂ ಎಂದಿತು. ಕೇಳಿಸಿತಲ್ಲ! ಒಬ್ಬಳಿಗಾದರೂ ಕಿವಿಯಲ್ಲಿ ಕಂಡಿತಲ್ಲ! ಪಕ್ಕದ ಹೊಲಗಳಿಂದ ಮಂದಿ ರೊಟ್ಟಿ ಕೈಯಲ್ಲೇ ಹಿಡಿದು ಬದುವಿಗೆ ಬಂದು ನಿಂತರು. ಯೂಫೋನಿಯಮ್ಮಿನ ಟ್ರ್ಯಾಕ್ಟರಿಗೆ ನಗು, ಹೆಂಗಸರ ಮಾತಿನ ಜಾಗಕ್ಕೆ ಇನ್ನೂ ಜೋರು ನಗು. ಮಧ್ಯೆ ಜಾಂಜಿನವನು ಎರಡು ಎಣಿಕೆ ಮೊದಲೇ ಬಡಿದುಬಿಟ್ಟ, ಯಾರಿಗೂ ಗೊತ್ತಾಗಲಿಲ್ಲ. ಖಾಜಾ ಓರೆಗಣ್ಣಲ್ಲಿ ಕುರ್ಚಿಯನ್ನು ನೋಡುತ್ತಲೇ ಇದ್ದ. ರಾಯರು ಕಡಲೆಯ ಪಟ್ಟಿಯಿಂದ ಕಣ್ಣು ಕಿತ್ತಿರಲಿಲ್ಲ.

ಮೂರನೆಯ ಭಾಗ ಮುಗಿದು ಎಲ್ಲ ವಾದ್ಯ ನಿಂತಾಗ ಸುಂದರಬಾಯಿ ಚರಗದ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಎದ್ದರು. "ಚೆಲ್ಲೋದು ನಾ ಚೆಲ್ತೇನಿ. ಕೂಗೋದು ನೀ ಕೂಗು" ಎಂದರು. ಅದು ಅವನ ಪುಸ್ತಕದಲ್ಲಿರಲಿಲ್ಲ. ಬ್ಯಾಂಡು ನಿಂತಲ್ಲಿಂದಲೇ ನುಡಿಸುವುದೆಂದಿತ್ತು. ಆದರೆ ಈ ದಿನ ಅವರಿಗೆ ಇಲ್ಲವೆನ್ನುವವನು ಯಾರು? ಖಾಜಾ ಕಡಲೆಯ ಪಟ್ಟಿಯ ಅಂಚಿಗೆ ಬಂದು, ಎಲ್ಲರಿಗೂ ಬೆನ್ನು ಮಾಡಿ, ಕ್ಲಾರ್ನೆಟ್ಟು ಎತ್ತಿದ. ಎತ್ತಿದ ಮೇಲೆ ಹೊಳೆಯಿತು, ತಾನು ನಿಂತಿರುವುದು ಯಾರ ಜಾಗ ಎಂದು. ನಲವತ್ತೊಂಬತ್ತು ವರ್ಷ ಆ ಬೆನ್ನಿನ ಹಿಂದೆ ನಡೆದವನು ಮುಂದೆ ಬಂದಿದ್ದ. ಜವಾಬು ಕೊಡಲೆಂದು ಬಂದು ಕೂಗುವವನಾಗಿ ನಿಂತಿದ್ದ. ಇನ್ನು ಹಿಂತಿರುಗುವಂತಿಲ್ಲ. ಮೊದಲ ಕೂಗು ಊದಿದ. ಸುಂದರಬಾಯಿ ಒಂದು ಹಿಡಿ ಚೆಲ್ಲಿ ಎರಡು ಹೆಜ್ಜೆ ಮುಂದಿಟ್ಟರು. ಎರಡನೆಯ ಕೂಗು. ಮೂರನೆಯದು ಎರಡು ಸ್ವರ ಕೆಳಗೆ, ವಿಡಿಯೊದಲ್ಲಿ ಇದ್ದ ಹಾಗೆಯೇ. ಊದುವಾಗ ಅವನಿಗೆ ತಿಳಿಯಿತು, ಅದು ಸೋತ ದನಿಯಲ್ಲ, ಮುನಿದ ದನಿಯೂ ಅಲ್ಲ, ಬರುತ್ತಾನೆ ತಡಿ ಎಂದು ತನಗೆ ತಾನೇ ಹೇಳಿಕೊಳ್ಳುವವನ ದನಿ.

ಆಮೇಲೆ ಖಾಲಿ. ಒಂದು, ಎರಡು, ಮೂರು, ನಾಲ್ಕು. ಶಾಹಿದನ ಟ್ರಂಪೆಟ್ಟು ಬರಲಿಲ್ಲ. ಐದು, ಆರು. ಲೇ ಶಾಹಿದ, ನಿದ್ದೆ ಬಂತೇನೋ? ಇಷ್ಟೂ ಮಾಡಿ ಇವತ್ತೂ ಜವಾಬಿಲ್ಲದೆ ಹೋಗುತ್ತದೆಯೇ? ತಿರುಗಿ ನೋಡುವಂತಿಲ್ಲ. ಹಿಂದೆ ಮಂದಿಯ ಗದ್ದಲ ಇದ್ದಕ್ಕಿದ್ದಂತೆ ನಿಂತಿತ್ತು. ಪ್ಲಾಸ್ಟಿಕ್ ಕುರ್ಚಿ ಕಿರ್ರೆಂದಿತು. ಆಮೇಲೆ ಒಣ ಹೆಂಟೆಗಳ ಮೇಲೆ ಚಪ್ಪಲಿಯೊಂದು ಎಳೆದ ಸಪ್ಪಳ, ತಡೆದು, ಮತ್ತೆ ಎಳೆದ ಸಪ್ಪಳ. ಅನೀಲಕುಮಾರನ ದನಿ, ಬಹಳ ಮೆಲ್ಲಗೆ, "ಸಾವಕಾಶ ಅಪ್ಪಾ, ತಂಬಿಗಿ ನೀ ಹಿಡಿ, ನಿನ್ನ ನಾ ಹಿಡಿದೇನಿ." ನಂತರ ಕಡಲೆಯ ಗಿಡಗಳ ಮೇಲೆ ನೀರು ಬಿದ್ದ ಸದ್ದು, ನೆಟ್ಟಗೆ ಬೀಳದೆ ಅಲ್ಲಲ್ಲಿ ಚದುರಿದ್ದು, ರೂಢಿಯಿಲ್ಲದ ಎಡಗೈ ಚಿಮುಕಿಸಿದಂಥದು.

ಸುಂದರಬಾಯಿ ತಿರುಗಿ ನೋಡಿದರು. ಕೂಗುವವರಲ್ಲವಲ್ಲ, ಅವರು ನೋಡಬಹುದು. ಬುಟ್ಟಿಯಲ್ಲಿದ್ದ ಕೈ ಅಲ್ಲೇ ನಿಂತಿತು. ಸೆರಗಿನ ಅಂಚಿನಿಂದ ಮೂಗು ಒರೆಸಿಕೊಂಡು ಅವರು ಖಾಜಾನ ಮೊಣಕೈಗೆ ಮೆಲ್ಲಗೆ ತಿವಿದರು.

"ನಿಂದ್ರಬ್ಯಾಡ ಖಾಜಾ, ನಡಿ. ನೀರು ಹಾಕಾವ್ರು ಹಿಂದ ಬರಾಕತ್ಯಾರ."

ಖಾಜಾ ನಡೆದ. ಪುಸ್ತಕದಲ್ಲಿ ಬರೆದಿದ್ದ ಲಯವನ್ನು ಬಿಟ್ಟು, ಆ ಚಪ್ಪಲಿ ಎಳೆಯುವುದಕ್ಕೆ ಸರಿಯಾಗಿ, ಒಂದು ಹೆಜ್ಜೆಗೆ ಒಂದು ಉಸಿರು ನಿಲ್ಲಿಸಿ, ನಾಲ್ಕನೆಯ ಕೂಗು ಊದಿದ. ದೂರದಿಂದ ಧರ್ಮಣ್ಣನ ಢೋಲು ಆ ಹೆಜ್ಜೆಯನ್ನೇ ಹಿಡಿಯಿತು. ಹಿಂದೆ ನೀರು ಬಿತ್ತು. ಕೂಗಿದ, ನೀರು ಬಿತ್ತು. ಕಡಲೆಯ ಪಟ್ಟಿ ಮುಗಿದು ಆಚೆಯ ಬದು ಬರುವ ತನಕ ಅವನು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.